ಪತ್ರಿಕೆ, ಟಿವಿ, ತಂಡ: ಎಲ್ಲಕ್ಕೂ ಒಬ್ಬನೇ ಧಣಿ

ಕೆರ್ರಿ ಪ್ಯಾಕರ್ ಎಂಬ ಹೆಸರು ಭಾರತದ ಕ್ರಿಕೆಟ್ ಪ್ರೇಮಿಗಳಿಗೆ ಹೊಸದಲ್ಲ. 1977ರಲ್ಲಿ ಜಗತ್ತಿನ ಹೆಸರಾಂತ ಆಟಗಾರರನ್ನು ಗುಟ್ಟಾಗಿ ಸೆಳೆದುಕೊಂಡು, ಬಣ್ಣದ ಉಡುಪು, ಬಿಳಿ ಚೆಂಡು, ಹೊನಲು ಬೆಳಕಿನ ಪಂದ್ಯಗಳಿಂದ ಕ್ರಿಕೆಟ್ಟಿನ ಮಡಿವಂತರನ್ನು ಬೆಚ್ಚಿಬೀಳಿಸಿದ ಆಸ್ಟ್ರೇಲಿಯದ ಟಿವಿ ದೊರೆ ಆತ. ಆ ಗಲಾಟೆಯ ಮೂಲದಲ್ಲಿದ್ದದ್ದು, ಟೆಸ್ಟ್ ಪಂದ್ಯಗಳ ಪ್ರಸಾರದ ಹಕ್ಕು ತನ್ನ ನೈನ್ ವಾಹಿನಿಗೆ ಸಿಗಲಿಲ್ಲವೆಂಬ ಸಿಟ್ಟು. ಹದಿನೆಂಟು ವರ್ಷಗಳ ನಂತರ ಅದೇ ಮದ್ದನ್ನು ಪ್ಯಾಕರ್‌ಗೇ ಕುಡಿಸಲು ಇನ್ನೊಬ್ಬ ಹೊರಟ. ಅವನೇ ರೂಪರ್ಟ್ ಮರ್ಡೋಕ್. 1993ರಲ್ಲಿ ಸ್ಟಾರ್ ಟಿವಿಯನ್ನು ಕೊಂಡು ಭಾರತದ ಮನೆಗಳಿಗೂ ಕಾಲಿಟ್ಟವನು. ಈ ಸಲ ಕಣವಾದದ್ದು ಕ್ರಿಕೆಟ್ ಅಲ್ಲ, ರಗ್ಬಿ.

ರಗ್ಬಿಯಲ್ಲಿ ಎರಡು ಬಗೆ. ಹದಿನೈದು ಜನರ ತಂಡಗಳು ಆಡುವುದು ರಗ್ಬಿ ಯೂನಿಯನ್, ಹದಿಮೂರು ಜನರದು ರಗ್ಬಿ ಲೀಗ್. ಈ ಒಡಕು ಹುಟ್ಟಿದ್ದೂ ದುಡ್ಡಿನಿಂದಲೇ. ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಕಾರ್ಮಿಕರು, ಗಣಿ ಕಾರ್ಮಿಕರು ಪಂದ್ಯಕ್ಕೆಂದು ರಜೆ ಹಾಕಿದರೆ ಅಂದಿನ ಕೂಲಿ ಖೋತಾ. ಆ ಕೂಲಿಯನ್ನು ಕಟ್ಟಿಕೊಡಬೇಕೆಂದು ಅಲ್ಲಿನ ಕ್ಲಬ್ಬುಗಳು ಕೇಳಿದವು. ಆಟವೆಂದರೆ ಕೇವಲ ಹವ್ಯಾಸ ಎಂದುಕೊಂಡಿದ್ದ ದೊಡ್ಡವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ಬೇರೆಯಾದವು. ಹಾಗೆ ಹುಟ್ಟಿದ ಲೀಗ್ ಆಟ 1908ರಲ್ಲಿ ಸಿಡ್ನಿಯ ದುಡಿಯುವ ಜನರ ಬಡಾವಣೆಗಳಲ್ಲಿ ಬೇರೂರಿತು. ಒಂದೊಂದು ಬಡಾವಣೆಗೆ ಒಂದೊಂದು ತಂಡ. ಊರ ದೇವರಿದ್ದ ಹಾಗೆ.

1995ರಲ್ಲಿ ಆಸ್ಟ್ರೇಲಿಯಕ್ಕೆ ಚಂದಾ ಟಿವಿ ಬಂತು. ತಿಂಗಳಿಗಿಷ್ಟು ಎಂದು ಹಣ ಕಟ್ಟಿ ನೋಡುವ ವ್ಯವಸ್ಥೆ ಅದು. ಅಲ್ಲಿಯವರೆಗೆ ಪುಕ್ಕಟೆಯಾಗಿ ನೋಡಿಕೊಂಡಿದ್ದ ಜನ ಇದಕ್ಕೆ ಕಾಸು ಬಿಚ್ಚಬೇಕಾದರೆ ಬೇರೆಲ್ಲೂ ಸಿಗದ ಸರಕು ಬೇಕು. ಮರ್ಡೋಕ್‌ನ ನ್ಯೂಸ್ ಕಂಪನಿ ದೂರವಾಣಿ ಸಂಸ್ಥೆ ಟೆಲ್‌ಸ್ಟ್ರಾ ಜತೆ ಸೇರಿ ಫಾಕ್ಸ್‌ಟೆಲ್ ಕಟ್ಟಿತು. ಎದುರಾಳಿ ಆಪ್ಟಸ್ ವಿಷನ್‌ನಲ್ಲಿ ಪ್ಯಾಕರ್‌ಗೆ ಪಾಲಿತ್ತು. ಇಬ್ಬರೂ ಒಂದೇ ಬೀದಿಯಲ್ಲಿ, ಒಂದೇ ಮನೆಗಳ ಮುಂದೆ ಬೇರೆಬೇರೆ ಕೇಬಲ್ ಎಳೆದರು. ಆದರೆ ಸಿಡ್ನಿ, ಬ್ರಿಸ್ಬೇನ್ ಜನರಿಗೆ ಬೇಕಾಗಿದ್ದ ರಗ್ಬಿ ಲೀಗಿನ ಪ್ರಸಾರದ ಹಕ್ಕು 2000ದವರೆಗೂ ಪ್ಯಾಕರ್ ಕೈಯಲ್ಲಿತ್ತು. ಹಕ್ಕು ಸಿಗದಿದ್ದರೇನು, ಆಟವನ್ನೇ ಕೊಂಡರಾಯಿತು ಎಂಬುದು ಮರ್ಡೋಕ್ ಪಾಳೆಯದ ಲೆಕ್ಕ. ಕ್ರೀಡೆಯೆಂಬುದು ಚಂದಾ ಟಿವಿಗೆ ಕೋಟೆಯ ಬಾಗಿಲು ಒಡೆಯುವ ದಿಮ್ಮಿಯಿದ್ದಂತೆ ಎಂಬರ್ಥದ ಮಾತನ್ನು 1996ರಲ್ಲಿ ತನ್ನ ಷೇರುದಾರರ ಸಭೆಯಲ್ಲಿ ಆತ ಬಾಯಿಬಿಟ್ಟೇ ಹೇಳಿದ.

1995ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ದಿನಗಳಲ್ಲಿ ದಾಳಿ ನಡೆಯಿತು. ಆಟಗಾರರನ್ನೂ ತರಬೇತುದಾರರನ್ನೂ ಗುಟ್ಟಾಗಿ ಕರೆಸಿ, ಅವರು ಕನಸಿನಲ್ಲೂ ಕಾಣದಷ್ಟು ಹಣದ ಕರಾರುಗಳನ್ನು ಮುಂದಿಟ್ಟು ಸಹಿ ಹಾಕಿಸಿಕೊಳ್ಳಲಾಯಿತು. ಹೊಸ ಪಂದ್ಯಾವಳಿಯ ಹೆಸರು ಸೂಪರ್ ಲೀಗ್. ಇತ್ತ ಪ್ಯಾಕರ್, ಆಪ್ಟಸ್ ಹಣದ ಬಲದಿಂದ ಹಳೆಯ ಸಂಸ್ಥೆಯಾದ ಆಸ್ಟ್ರೇಲಿಯನ್ ರಗ್ಬಿ ಲೀಗ್ ಕೂಡ ಅದೇ ದಾರಿ ಹಿಡಿಯಿತು. ಇಪ್ಪತ್ತು ಕ್ಲಬ್ಬುಗಳಲ್ಲಿ ಎಂಟು ಮರ್ಡೋಕ್ ಕಡೆ, ಹನ್ನೆರಡು ಹಳೆಯ ಮನೆಯ ಕಡೆ.

ಇದನ್ನೆಲ್ಲ ಜನ ತಿಳಿಯುತ್ತಿದ್ದದ್ದು ಎಲ್ಲಿಂದ? ಕಥೆಯ ಗಂಟಿರುವುದು ಇಲ್ಲೇ. ಸಿಡ್ನಿಯ ಟೆಲಿಗ್ರಾಫ್ ಮಿರರ್, ದೇಶವ್ಯಾಪಿ ದಿ ಆಸ್ಟ್ರೇಲಿಯನ್ ಎರಡೂ ಮರ್ಡೋಕ್ ಪತ್ರಿಕೆಗಳು. ಬ್ರಿಸ್ಬೇನ್, ಅಡಿಲೇಡ್ ನಗರಗಳಲ್ಲಂತೂ ಊರಿಗೆಲ್ಲ ಉಳಿದಿದ್ದದ್ದು ಒಂದೊಂದೇ ದಿನಪತ್ರಿಕೆ, ಅದೂ ಅವನದೇ. ಟಿವಿ ಹಾಕಿದರೆ ಪ್ಯಾಕರ್‌ನ ನೈನ್ ವಾಹಿನಿ. ಸಿಡ್ನಿ ಮಾರ್ನಿಂಗ್ ಹೆರಾಲ್ಡ್ ಓದೋಣವೆಂದರೆ, ಅದನ್ನು ನಡೆಸುತ್ತಿದ್ದ ಫೇರ್‌ಫ್ಯಾಕ್ಸ್ ಸಂಸ್ಥೆಯಲ್ಲೂ ಪ್ಯಾಕರ್‌ಗೆ ಪಾಲು. ಕ್ರೀಡಾ ವರದಿಗಾರ ಸತ್ಯವನ್ನೇ ಬರೆದಿರಬಹುದು. ಆದರೆ ಅವನಿಗೆ ಸಂಬಳ ಕೊಡುವವನೇ ತಂಡ ಕಟ್ಟುತ್ತಿರುವಾಗ, ಓದುಗ ಪ್ರತಿ ಸಾಲನ್ನೂ ಅನುಮಾನದಿಂದಲೇ ಓದಬೇಕಾಯಿತು. ಜಗಳದ ಇಬ್ಬರೂ ಕಕ್ಷಿದಾರರು ಪಂಚಾಯ್ತಿ ಕಟ್ಟೆಯ ಮೇಲೂ ಕುಳಿತಿದ್ದರು.

ಆ ವರ್ಷದ ಸ್ಟೇಟ್ ಆಫ್ ಒರಿಜಿನ್ ಸರಣಿ ಇದಕ್ಕೊಂದು ತಮಾಷೆಯ ಉದಾಹರಣೆ. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಣ ಈ ಪಂದ್ಯಗಳಿಗೆ ಸೂಪರ್ ಲೀಗಿಗೆ ಸಹಿ ಹಾಕಿದವರನ್ನು ಆರಿಸುವುದಿಲ್ಲವೆಂದು ಹಳೆಯ ಸಂಸ್ಥೆ ಪಟ್ಟು ಹಿಡಿಯಿತು. ಕ್ವೀನ್ಸ್‌ಲ್ಯಾಂಡಿನ ಘಟಾನುಘಟಿಗಳೆಲ್ಲ ಆಚೆ ಹೋಗಿದ್ದರು. ಅಳಿದುಳಿದವರ ತಂಡಕ್ಕೆ ತರಬೇತುದಾರನಾಗಿ ಬಂದವನು ಹಳೆಯ ಆಟಗಾರ ಪಾಲ್ ವಾಟಿನ್, ನೈನ್ ವಾಹಿನಿಯ ನಗೆಚಾಟಿಕೆಯ ನಿರೂಪಕ. ಯಾರೂ ನಂಬದ ಆ ತಂಡ ಮೂರಕ್ಕೆ ಮೂರೂ ಪಂದ್ಯಗಳನ್ನು ಗೆದ್ದುಬಿಟ್ಟಿತು!

ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. 1996ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಬರ್ಚೆಟ್ ಸೂಪರ್ ಲೀಗಿಗೆ ತಡೆ ಹಾಕಿದರು. ಅಕ್ಟೋಬರಿನಲ್ಲಿ ಪೂರ್ಣ ಪೀಠ ಆ ತಡೆಯನ್ನು ತೆಗೆದುಹಾಕಿತು. ಹೀಗಾಗಿ 1997ರಲ್ಲಿ ಒಂದೇ ದೇಶದಲ್ಲಿ ಒಂದೇ ಆಟಕ್ಕೆ ಎರಡು ಪಂದ್ಯಾವಳಿ, ಇಬ್ಬರು ಚಾಂಪಿಯನ್ನರು. ಉಕ್ಕಿನ ಕಾರ್ಖಾನೆ ಮುಚ್ಚಲಿದೆಯೆಂಬ ಸುದ್ದಿಯಿಂದ ಅದೇ ವರ್ಷ ಕಂಗೆಟ್ಟಿದ್ದ ನ್ಯೂಕ್ಯಾಸಲ್ ಊರಿನ ತಂಡ, ಹಳೆಯ ಲೀಗಿನ ಫೈನಲ್‌ನಲ್ಲಿ ಕೊನೆಯ ಕ್ಷಣಗಳ ಅಂಕದಿಂದ ಮ್ಯಾನ್ಲಿಯನ್ನು 22–16ರಿಂದ ಸೋಲಿಸಿತು. ಅದೇ ಊರಿನಲ್ಲಿ ಸೂಪರ್ ಲೀಗ್ ಪೈಪೋಟಿಗೆಂದು ಹುಟ್ಟುಹಾಕಿದ್ದ ಹಂಟರ್ ಮರೀನರ್ಸ್ ಆ ಒಂದೇ ವರ್ಷ ಆಡಿ ಮಾಯವಾಯಿತು. ಹಣದಿಂದ ಆಟಗಾರರನ್ನು ತರಬಹುದು, ಅಭಿಮಾನಿಗಳನ್ನು ತರುವುದು ಅಷ್ಟು ಸಲೀಸಲ್ಲ.

ಈ ಬೆಂಕಿ ಆಸ್ಟ್ರೇಲಿಯದಲ್ಲೇ ನಿಲ್ಲಲಿಲ್ಲ. 1995ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಲೀಗ್ ಕ್ಲಬ್ಬುಗಳು 7 ಕೋಟಿ 70 ಲಕ್ಷ ಪೌಂಡ್‌ಗೆ ಮರ್ಡೋಕ್ ಕಡೆ ವಾಲಿದವು. ನೂರು ವರ್ಷ ಚಳಿಗಾಲದಲ್ಲಿ ನಡೆದಿದ್ದ ಆಟ ಬೇಸಿಗೆಗೆ ಬದಲಾಯಿತು. ನೆರೆಹೊರೆಯ ಕ್ಲಬ್ಬುಗಳನ್ನು ಒಂದಾಗಿಸುವ ಯೋಜನೆಯೂ ಇತ್ತು, ಆದರೆ ಜನ ಬೀದಿಗಿಳಿದದ್ದರಿಂದ ಅದು ಬಿದ್ದುಹೋಯಿತು. ರಗ್ಬಿ ಯೂನಿಯನ್ನಿನ ಆಟಗಾರರಿಗೂ ಬೇಡಿಕೆ ಬಂತು. 1995ರ ವಿಶ್ವಕಪ್ ಫೈನಲ್‌ನ ಹಿಂದಿನ ದಿನ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಆಸ್ಟ್ರೇಲಿಯಗಳ ಸಂಸ್ಥೆಗಳು ಹತ್ತು ವರ್ಷದ ಪ್ರಸಾರದ ಹಕ್ಕನ್ನು 55 ಕೋಟಿ 50 ಲಕ್ಷ ಡಾಲರ್‌ಗೆ ಮರ್ಡೋಕ್‌ಗೆ ಮಾರಿದುದಾಗಿ ಪ್ರಕಟಿಸಿದವು. ಅದೇ ಆಗಸ್ಟ್‌ನಲ್ಲಿ ಯೂನಿಯನ್ ಆಟವೂ ಅಧಿಕೃತವಾಗಿ ಸಂಬಳದ ಆಟವಾಯಿತು. ನೂರು ವರ್ಷದ ಹಿಂದೆ ಒಂದು ದಿನದ ಕೂಲಿಗಾಗಿ ಮನೆ ಒಡೆದುಕೊಂಡಿದ್ದ ಆಟ ಇದೇ ಎಂಬುದನ್ನು ನೆನೆದರೆ ನಗು ಬರುತ್ತದೆ.

ಎರಡೂ ಕಡೆ ಹಣ ಸೋರಿ ಸುಸ್ತಾದ ಮೇಲೆ 1997ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯದಲ್ಲಿ ರಾಜಿಯಾಯಿತು. 1998ರಲ್ಲಿ ಶುರುವಾದ ನ್ಯಾಷನಲ್ ರಗ್ಬಿ ಲೀಗಿನಲ್ಲಿ ಅರ್ಧ ಪಾಲು ನ್ಯೂಸ್ ಕಂಪನಿಯದು. ಕರಾರಿನ ಒಂದು ಷರತ್ತು: 2000ದ ಹೊತ್ತಿಗೆ ತಂಡಗಳು ಹದಿನಾಲ್ಕಕ್ಕೆ ಇಳಿಯಬೇಕು. ಕೆಲವು ಕ್ಲಬ್ಬುಗಳು ಒಂದರೊಳಗೊಂದು ಸೇರಿಕೊಂಡವು. ಸೇರುವುದಿಲ್ಲವೆಂದು ನಿಂತದ್ದು ಸೌತ್ ಸಿಡ್ನಿ.

ಸೌತ್ ಸಿಡ್ನಿ ಅಂತಿಂಥ ತಂಡವಲ್ಲ. 1908ರ ಮೊದಲ ಪ್ರಶಸ್ತಿ ಗೆದ್ದದ್ದೇ ಅದು. ಆಮೇಲೆ 1971ರವರೆಗೆ ಒಟ್ಟು ಇಪ್ಪತ್ತು ಸಲ ಗೆದ್ದಿತ್ತು. ಕೆಂಪು ಹಸಿರು ಅಂಗಿಯ ಈ ತಂಡದ ನೆಲೆ ರೆಡ್‌ಫರ್ನ್, ಕೂಲಿಕಾರರ ಮತ್ತು ಮೂಲನಿವಾಸಿಗಳ ಬಡಾವಣೆ. ಹಿಂದೆ ಅದರ ಆಟಗಾರರು ಹೊಟ್ಟೆಪಾಡಿಗೆ ಬೀದಿಯಲ್ಲಿ ಮೊಲ ಮಾರುತ್ತಿದ್ದರಂತೆ. ಹಾಗಾಗಿ ರ‍್ಯಾಬಿಟೋಸ್ ಎಂಬ ಅಡ್ಡಹೆಸರು. ಜಮಾಖರ್ಚಿನ ಪುಸ್ತಕದಲ್ಲಿ ಮಾತ್ರ ಈ ಕ್ಲಬ್ ಬಡಕಲು. 1999ರ ಅಕ್ಟೋಬರ್‌ನಲ್ಲಿ ಅದನ್ನು ಹೊರಗಟ್ಟಲಾಯಿತು.

ಹಳೆಯ ನಾಯಕ ಜಾರ್ಜ್ ಪಿಗಿನ್ಸ್ ಕ್ಲಬ್ಬಿನ ಮುಖ್ಯಸ್ಥನಾಗಿ ಕೋರ್ಟಿನ ಮೆಟ್ಟಿಲೇರಿದ. 2000ದ ನವೆಂಬರ್‌ನಲ್ಲಿ ಮೊದಲ ತೀರ್ಪು ವಿರುದ್ಧವಾಗಿ ಬಂತು. ಕೆಲವೇ ದಿನಗಳಲ್ಲಿ ಸುಮಾರು 80,000 ಜನ ಸಿಡ್ನಿಯ ಬೀದಿಗಳಲ್ಲಿ ಮೆರವಣಿಗೆ ಹೊರಟರು. ಒಂದು ಆಟದ ತಂಡಕ್ಕಾಗಿ! ಅವರಲ್ಲಿ ಬೇರೆ ತಂಡಗಳ ಅಂಗಿ ತೊಟ್ಟವರೂ ಇದ್ದರು. ಮರ್ಡೋಕ್ ಪತ್ರಿಕೆಗಳನ್ನು ಕೊಳ್ಳಬೇಡಿ ಎಂಬ ಕರೆ ಹಬ್ಬಿತು. ಸುದ್ದಿ ಕೊಡುವವನೇ ತಂಡವನ್ನು ಹೊರಗಟ್ಟಿದ ಧಣಿಗಳಲ್ಲೊಬ್ಬನಾದರೆ ಓದುಗನ ಕೈಯಲ್ಲಿ ಉಳಿಯುವ ಅಸ್ತ್ರ ಅದೊಂದೇ. 2001ರ ಜುಲೈನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಎರಡಕ್ಕೆ ಒಂದು ಮತದಿಂದ ಕ್ಲಬ್ಬಿನ ಪರ ತೀರ್ಪಿತ್ತಿತು. 2002ರಲ್ಲಿ ರ‍್ಯಾಬಿಟೋಸ್ ಕಣಕ್ಕೆ ಮರಳಿತು. ವಿಚಿತ್ರವೆಂದರೆ 2003ರಲ್ಲಿ ಆಸ್ಟ್ರೇಲಿಯದ ಅತ್ಯುಚ್ಚ ನ್ಯಾಯಾಲಯ ನ್ಯೂಸ್ ಕಂಪನಿಯೇ ಸರಿ ಎಂದಿತು. ಕಾನೂನು ಧಣಿಯ ಪರವಾಯಿತು, ತಂಡ ಮಾತ್ರ ಅಷ್ಟರಲ್ಲಿ ಒಳಗೆ ಬಂದು ಕುಳಿತಿತ್ತು. ಮತ್ತೆ ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಅರ್ಧ ಲೀಗಿನ ಒಡೆತನದ ಇನ್ನೊಂದು ಮುಜುಗರ 2010ರಲ್ಲಿ ಬಯಲಾಯಿತು. ನ್ಯೂಸ್ ಕಂಪನಿಯದೇ ತಂಡವಾದ ಮೆಲ್ಬರ್ನ್ ಸ್ಟಾರ್ಮ್, ಆಟಗಾರರ ಸಂಬಳಕ್ಕೆ ವಿಧಿಸಿದ್ದ ಮಿತಿಯನ್ನು ಮೀರಿ ಕಳ್ಳಲೆಕ್ಕ ಇಟ್ಟಿತ್ತು. 2007, 2009ರ ಪ್ರಶಸ್ತಿಗಳನ್ನು ಕಿತ್ತುಕೊಳ್ಳಲಾಯಿತು. ನಿಯಮ ಮಾಡುವವನೂ, ಮುರಿದ ತಂಡದ ಧಣಿಯೂ, ಅದನ್ನು ವರದಿ ಮಾಡುವ ಪತ್ರಿಕೆಗಳ ಒಡೆಯನೂ ಒಬ್ಬನೇ! 2012ರ ಫೆಬ್ರವರಿಯಲ್ಲಿ ಸ್ವತಂತ್ರ ಆಯೋಗವೊಂದು ಲೀಗಿನ ಆಡಳಿತ ವಹಿಸಿಕೊಂಡಿತು, ನ್ಯೂಸ್ ತನ್ನ ಅರ್ಧ ಪಾಲನ್ನು ಬಿಟ್ಟುಕೊಟ್ಟಿತು. ಅದೇ ಆಗಸ್ಟ್‌ನಲ್ಲಿ ಆಯೋಗ ಐದು ವರ್ಷದ ಪ್ರಸಾರದ ಹಕ್ಕನ್ನು ನೂರು ಕೋಟಿಗೂ ಹೆಚ್ಚು ಆಸ್ಟ್ರೇಲಿಯನ್ ಡಾಲರ್‌ಗೆ ಮಾರಿತು. ಕೊಂಡವರು ನೈನ್ ವಾಹಿನಿ ಮತ್ತು ಫಾಕ್ಸ್ ಸ್ಪೋರ್ಟ್ಸ್. ಹಳೆಯ ಜಗಳದ ಅವೇ ಎರಡು ಹೆಸರುಗಳು.

ಸೌತ್ ಸಿಡ್ನಿ 2006ರಲ್ಲಿ ಸದಸ್ಯರ ಮತದಿಂದಲೇ ತನ್ನ ಮುಕ್ಕಾಲು ಪಾಲನ್ನು ನಟ ರಸೆಲ್ ಕ್ರೋ ಮತ್ತು ಉದ್ಯಮಿ ಪೀಟರ್ ಹೋಮ್ಸ್ ಅ ಕೋರ್ಟ್‌ಗೆ 30 ಲಕ್ಷ ಡಾಲರ್‌ಗೆ ಮಾರಿತು. ಕಾಲು ಪಾಲು ಸದಸ್ಯರಲ್ಲೇ ಉಳಿಯಿತು. 2014ರಲ್ಲಿ ಕ್ಯಾಂಟರ್‌ಬರಿಯನ್ನು 30–6ರಿಂದ ಸೋಲಿಸಿ ನಲವತ್ತಮೂರು ವರ್ಷಗಳ ಮೇಲೆ ಮತ್ತೆ ಪ್ರಶಸ್ತಿ ಗೆದ್ದಿತು. ಆ ವರ್ಷವೇ ಹೋಮ್ಸ್ ಅ ಕೋರ್ಟ್ ಪಾಲನ್ನು ಕೊಂಡು ಒಳಬಂದವನು ಜೇಮ್ಸ್ ಪ್ಯಾಕರ್, ಕೆರ್ರಿ ಪ್ಯಾಕರ್‌ನ ಮಗ.