ಉಕ್ಕಿನ ಗುರುತಿಗೂ ಒಂದು ಪರೀಕ್ಷೆ

ಮದುವೆಮನೆಗೆ ಎರವಲು ಕೊಟ್ಟ ಸ್ಟೀಲ್ ಪಾತ್ರೆ ತಪ್ಪದೆ ಮನೆಗೆ ಮರಳಲಿ ಎಂದು ಅದರ ಮೇಲೆ ಹೆಸರು ಕೊರೆಸುವ ರೂಢಿ ನಮ್ಮಲ್ಲಿದೆ. ಎಷ್ಟು ವರ್ಷ ತಿಕ್ಕಿದರೂ ಆ ಅಕ್ಷರಗಳು ಅಳಿಯುವುದಿಲ್ಲ. ಆಪರೇಷನ್ ಕೋಣೆಯ ಕತ್ತರಿ, ಇಕ್ಕಳಗಳಿಗೂ ಇಂಥದೇ ಗುರುತು ಬೇಕು. ಆದರೆ ಅಲ್ಲಿ ಪ್ರಶ್ನೆ ‘ಇದು ಯಾರ ಮನೆಯದು’ ಎಂಬುದಲ್ಲ, ‘ಇದು ಯಾವ ರೋಗಿಯ ಮೈ ಮುಟ್ಟಿ ಬಂದಿದೆ’ ಎಂಬುದು.

ಈ ಪ್ರಶ್ನೆಯ ಗಾಂಭೀರ್ಯ ಎಷ್ಟೆಂಬುದು ಇಂಗ್ಲೆಂಡಿನ ಮಿಡಲ್ಸ್‌ಬರೋ ಪಟ್ಟಣದಲ್ಲಿ ಗೊತ್ತಾಯಿತು. 2002ರಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರೋಗಿಯೊಬ್ಬರಿಗೆ ‘ಸಿಜೆಡಿ’ ಎಂಬ ಮಾರಕ ಕಾಯಿಲೆ ಇದ್ದುದು ತಡವಾಗಿ ತಿಳಿಯಿತು. ಅಷ್ಟರಲ್ಲಿ ಅದೇ ಉಪಕರಣಗಳು ಬೇರೆಯವರ ಚಿಕಿತ್ಸೆಗೆ ಬಳಕೆಯಾಗಿದ್ದವು. ಈ ಕಾಯಿಲೆ ತರುವ ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಮಾಮೂಲಿ ಶುದ್ಧೀಕರಣಕ್ಕೆ ಪೂರ್ತಿ ಬಗ್ಗುವಂಥದ್ದಲ್ಲ. 24 ಮಂದಿ ಅಪಾಯದ ಆತಂಕಕ್ಕೆ ಒಳಗಾದರು. ಗುರುತೊಂದೇ ಇಂಥ ಅನಾಹುತವನ್ನು ತಡೆಯಲಾರದು, ನಿಜ. ಆದರೆ ಯಾವ ಇಕ್ಕಳ ಯಾರಿಂದ ಯಾರಿಗೆ ಹೋಯಿತು ಎಂಬ ಲೆಕ್ಕವಿಲ್ಲದೆ ಅಪಾಯದಲ್ಲಿರುವವರನ್ನು ಹುಡುಕುವುದಾದರೂ ಹೇಗೆ?

ಲೆಕ್ಕ ಇಡುವ ಉಪಾಯವೇನೋ ಹಳೆಯದೇ. ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಎಂಬ ಅಮೆರಿಕನ್ನರಿಗೆ 1952ರಲ್ಲೇ ಬಾರ್‌ಕೋಡ್‌ನ ಪೇಟೆಂಟ್ ಸಿಕ್ಕಿತ್ತು. ಅದು ಅಂಗಡಿ ಮೆಟ್ಟಿಲು ಹತ್ತಿದ್ದು 1974ರ ಜೂನ್ 26ರಂದು. ಓಹಯೋ ರಾಜ್ಯದ ಟ್ರಾಯ್ ಪಟ್ಟಣದಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದು ಮೊದಲು ಯಂತ್ರದ ಕಣ್ಣಿಗೆ ಬಿತ್ತು. ಆದರೆ ಗೆರೆಗಳ ಕೋಡಿಗೆ ಜಾಗ ಹೆಚ್ಚು ಬೇಕು. ಸಪೂರ ಇಕ್ಕಳದ ಮೇಲೆ ಅದು ಹಿಡಿಸದು. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಂದ ‘ಡೇಟಾ ಮ್ಯಾಟ್ರಿಕ್ಸ್’ ಈ ತೊಡಕನ್ನು ಬಿಡಿಸಿತು. ಕಪ್ಪು-ಬಿಳಿ ಚೌಕಗಳ ಈ ಪುಟ್ಟ ಚಿತ್ತಾರಕ್ಕೆ ಕೆಲವೇ ಮಿಲಿಮೀಟರ್ ಜಾಗ ಸಾಕು.

ಅದನ್ನು ಉಕ್ಕಿನ ಮೇಲೆ ಮೂಡಿಸುವ ಲೇಸರ್ ಹುಟ್ಟಿದ್ದು 1960ರಲ್ಲಿ, ಥಿಯೊಡೋರ್ ಮೇಮನ್ ಕೈಯಲ್ಲಿ. ಅದೇ ವರ್ಷ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಗಣಿತಜ್ಞರು, ಕೆಟ್ಟುಹೋದ ಅಂಕಿಗಳನ್ನು ಉಳಿದ ಅಂಕಿಗಳಿಂದ ಲೆಕ್ಕಹಾಕಿ ತಿದ್ದುವ ವಿಧಾನವನ್ನು ಪ್ರಕಟಿಸಿದರು. ಇಂದಿನ ಡೇಟಾ ಮ್ಯಾಟ್ರಿಕ್ಸ್‌ನಲ್ಲಿರುವುದು ಅದೇ ಗಣಿತ. ಹಾಗಾಗಿ ಚಿತ್ತಾರದ ಒಂದು ಮೂಲೆ ಸವೆದರೂ ಯಂತ್ರ ಅದನ್ನು ಓದಬಲ್ಲದು.

ಎಚ್ಚರ ಬೇಕಾದದ್ದು ಇಲ್ಲಿಯೇ. ಇಂದು ಓದಿತು ಎಂದಮಾತ್ರಕ್ಕೆ ನಾಳೆಯೂ ಓದೀತು ಎಂದು ನಂಬುವಂತಿಲ್ಲ. ತಿದ್ದುವ ಶಕ್ತಿಯೆಲ್ಲ ಹೊಸದರಲ್ಲೇ ಖರ್ಚಾಗಿದ್ದರೆ ಮುಂದಿನ ಒಂದು ಗೀರು ಸಾಕು, ಕೋಡು ಮೂಕವಾಗುತ್ತದೆ. ಆದ್ದರಿಂದ ಓದುವುದು ಬೇರೆ, ಪರೀಕ್ಷಿಸುವುದು ಬೇರೆ. ಪರೀಕ್ಷಕ ಯಂತ್ರವು ಕಪ್ಪು-ಬಿಳುಪಿನ ಅಂತರ ಎಷ್ಟು, ಚೌಕಗಳು ಸಾಲು ತಪ್ಪಿವೆಯೇ, ತಿದ್ದುವ ಶಕ್ತಿ ಎಷ್ಟು ಉಳಿದಿದೆ ಎಂಬುದನ್ನೆಲ್ಲ ಬೇರೆಬೇರೆಯಾಗಿ ಅಳೆದು ಅಂಕ ಕೊಡುತ್ತದೆ. ಗೆರೆಗಳ ಕೋಡಿಗೆ ಎ, ಬಿ, ಸಿ, ಡಿ, ಎಫ್ ಎಂಬ ದರ್ಜೆಗಳನ್ನು ಅಮೆರಿಕದ ಮಾನಕವೊಂದು 1990ರಲ್ಲೇ ಗೊತ್ತುಪಡಿಸಿತ್ತು. ಚೌಕದ ಕೋಡಿಗೆ ಅಂತರರಾಷ್ಟ್ರೀಯ ಮಾನಕ 2004ರಲ್ಲಿ ಬಂತು. ಇದರಲ್ಲಿ ಸರಾಸರಿ ತೆಗೆದು ಪಾರಾಗುವ ದಾರಿಯಿಲ್ಲ. ಉಳಿದ ವಿಷಯಗಳಲ್ಲಿ ನೂರಕ್ಕೆ ನೂರು ಬಂದರೂ ಒಂದರಲ್ಲಿ ನಪಾಸಾದರೆ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ ಹೇಗೆ ನಪಾಸೋ, ಇಲ್ಲಿಯೂ ಹಾಗೆಯೇ. ಅತಿ ಕಡಿಮೆ ಬಂದ ದರ್ಜೆಯೇ ಇಡೀ ಕೋಡಿನ ದರ್ಜೆ.

ಆದರೆ ಈ ಪರೀಕ್ಷೆ ಮೂಲತಃ ಕಾಗದದ ಲೇಬಲ್ಲಿಗೆ ಒಗ್ಗಿದ್ದು. ಉಕ್ಕು ಥಳಥಳಿಸುತ್ತದೆ, ಇಕ್ಕಳದ ಹಿಡಿ ಬಾಗಿರುತ್ತದೆ. ಒಂದೇ ಕೋನದಿಂದ ಬೆಳಕು ಬಿಟ್ಟರೆ ಒಳ್ಳೆಯ ಗುರುತೂ ಕೆಟ್ಟದ್ದಾಗಿ ಕಾಣುತ್ತದೆ. ಬೆಳಕಿನ ದಿಕ್ಕು, ಪ್ರಖರತೆಗಳನ್ನು ಲೋಹಕ್ಕೆ ತಕ್ಕಂತೆ ಹೊಂದಿಸಿ ಅಳೆಯುವ ಕ್ರಮವನ್ನು ಉದ್ಯಮದ ಸಂಘವೊಂದು 2006ರಲ್ಲಿ ರೂಪಿಸಿತು. 2020ರಲ್ಲಿ ಅದು ಪೂರ್ಣ ಪ್ರಮಾಣದ ಅಂತರರಾಷ್ಟ್ರೀಯ ಮಾನಕವಾಯಿತು.

ಈ ನಡುವೆ ಕಾನೂನೂ ಬಂತು. ತೊಳೆದು ಮತ್ತೆ ಮತ್ತೆ ಬಳಸುವ ವೈದ್ಯಕೀಯ ಸಾಧನಗಳ ಮೈಮೇಲೆಯೇ ಗುರುತು ಇರಬೇಕೆಂದು ಅಮೆರಿಕ 2013ರಲ್ಲಿ ನಿಯಮ ಮಾಡಿತು. 2017ರಲ್ಲಿ ಯುರೋಪ್ ಒಕ್ಕೂಟವೂ ಅದೇ ಹಾದಿ ಹಿಡಿಯಿತು.

ಆದರೂ ಕಾರ್ಖಾನೆಯಲ್ಲಿ ‘ಎ’ ದರ್ಜೆ ಬಂದಮಾತ್ರಕ್ಕೆ ಕತೆ ಮುಗಿಯುವುದಿಲ್ಲ. ಲೇಸರ್‌ನ ಕಾವು ಹೆಚ್ಚಾದರೆ ಉಕ್ಕನ್ನು ಕಾಯುವ ಕ್ರೋಮಿಯಂ ಪದರ ಕೆಟ್ಟು, ಗುರುತಿನ ಜಾಗಕ್ಕೇ ತುಕ್ಕು ಹಿಡಿಯುತ್ತದೆ. ಕಾವು ಕಡಿಮೆಯಾದರೆ ಗುರುತು ಮಸುಕಾಗುತ್ತದೆ. ಆಸ್ಪತ್ರೆಯಲ್ಲಿ ಅದು ಕ್ಷಾರದ ಸಾಬೂನು, 134 ಡಿಗ್ರಿ ಸೆಲ್ಸಿಯಸ್‌ನ ಹಬೆ ಎರಡನ್ನೂ ಮತ್ತೆ ಮತ್ತೆ ಸಹಿಸಬೇಕು. ಹೀಗಾಗಿ ನೂರಾರು ಸಲ ತೊಳೆದು, ಬೇಯಿಸಿ, ಮತ್ತೊಮ್ಮೆ ದರ್ಜೆ ನೋಡುವುದೇ ನಿಜವಾದ ಪರೀಕ್ಷೆ. ಗುರುತಿನ ಅಗತ್ಯ ಬೀಳುವುದು ಇಕ್ಕಳ ಹೊಸದಾಗಿದ್ದಾಗ ಅಲ್ಲ. ಅದು ಹಲವು ವರ್ಷ ದುಡಿದು ಹಳತಾದ ಮೇಲೆ, ಎಲ್ಲೋ ಒಬ್ಬ ರೋಗಿಯ ವರದಿ ತಡವಾಗಿ ಬಂದ ದಿನ.