ಕಾರಿನ ಸೈರನ್‌ಗೆ ಪ್ಯಾನಿಕ್ ಬಟನ್: ಅಲಾರಂ ಕೆಡದಂತೆ ಜೋಡಿಸುವುದು ಹೇಗೆ?

ಕಾರಿನ ಕಳ್ಳತನ ನಿರೋಧಕ ಅಲಾರಂ ತಾನಾಗಿ ಕೂಗುವುದು ಕಾರು ಲಾಕ್ ಆಗಿದ್ದಾಗ ಮಾತ್ರ. ರಾತ್ರಿ ಒಬ್ಬರೇ ಡ್ರೈವ್ ಮಾಡುವಾಗ ಯಾರಾದರೂ ಅಡ್ಡಗಟ್ಟಿದರೆ ಅದರಿಂದ ಪ್ರಯೋಜನವಿಲ್ಲ. ಹೀಗಾಗಿ ಅದೇ ಸೈರನ್‌ಗೆ ಡ್ರೈವರ್ ಸೀಟಿನ ಬಳಿ ಒಂದು ಬಟನ್ ಹಾಕಿಸಿಕೊಳ್ಳುವವರಿದ್ದಾರೆ. ಕೆಲಸ ಚಿಕ್ಕದು. ಆದರೆ ವೈರ್ ತಪ್ಪಾಗಿ ಜೋಡಿಸಿದರೆ ಅಲಾರಂ ಯೂನಿಟ್ಟೇ ಕೆಡಬಹುದು.

ನೇರವಾಗಿ ಏಕೆ ಜೋಡಿಸಬಾರದು?

ಬಹುತೇಕ ಅಲಾರಂಗಳಲ್ಲಿ ಯೂನಿಟ್‌ನಿಂದ ಸೈರನ್‌ಗೆ 12 ವೋಲ್ಟ್ ಪಾಸಿಟಿವ್ ಬರುತ್ತದೆ, ಸೈರನ್‌ನ ಇನ್ನೊಂದು ವೈರ್ ಬಾಡಿಗೆ ಅರ್ಥ್ ಆಗಿರುತ್ತದೆ. ಬಟನ್ ಮೂಲಕ ಬ್ಯಾಟರಿಯ ವಿದ್ಯುತ್ತನ್ನು ಇದೇ ಪಾಸಿಟಿವ್ ವೈರ್‌ಗೆ ಕೊಟ್ಟರೆ ಅದು ಸೈರನ್‌ಗಷ್ಟೇ ಅಲ್ಲ, ಹಿಮ್ಮುಖವಾಗಿ ಯೂನಿಟ್‌ಗೂ ಹರಿಯಬಹುದು.

ಐದು ಪಿನ್ ರಿಲೇಯೇ ಪರಿಹಾರ

ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ 12 ವೋಲ್ಟ್‌ನ ಐದು ಪಿನ್ ರಿಲೇ ಇದ್ದರೆ ಸಾಕು. ಪಿನ್‌ಗಳ ಜೋಡಣೆ ಹೀಗಿರಬೇಕು:

- 30: ಸೈರನ್‌ನ ಪಾಸಿಟಿವ್ ವೈರ್
- 87ಎ: ಅಲಾರಂ ಯೂನಿಟ್‌ನಿಂದ ಬರುವ ವೈರ್
- 87 ಮತ್ತು 86: ಫ್ಯೂಸ್ ದಾಟಿ ಬರುವ ಬ್ಯಾಟರಿ ಪಾಸಿಟಿವ್
- 85: ಬಟನ್ ಮೂಲಕ ಅರ್ಥ್‌ಗೆ

ಬಟನ್ ಒತ್ತದಿದ್ದಾಗ ಸೈರನ್ ಎಂದಿನಂತೆ ಅಲಾರಂನ ಹಿಡಿತದಲ್ಲಿರುತ್ತದೆ. ಒತ್ತಿದಾಗ ರಿಲೇ ಅದನ್ನು ಯೂನಿಟ್‌ನಿಂದ ಬಿಡಿಸಿ ಬ್ಯಾಟರಿಗೆ ಸೇರಿಸುತ್ತದೆ. ಕಾರಿನ ಒಳಗೆ ಬರುವುದು ಅರ್ಥ್ ಕಡೆಯ ವೈರ್ ಮಾತ್ರ. ಅದು ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೂ ಸೈರನ್ ಕೂಗೀತೇ ಹೊರತು ಬೆಂಕಿಯ ಭಯವಿರುವುದಿಲ್ಲ.

ಫ್ಯೂಸ್ ಮರೆಯಬೇಡಿ

20 ವಾಟ್ ಸೈರನ್ 12 ವೋಲ್ಟ್‌ನಲ್ಲಿ ಸುಮಾರು 1.7 ಆಂಪಿಯರ್ ಎಳೆಯುತ್ತದೆ. ಇದಕ್ಕೆ 5 ಆಂಪಿಯರ್ ಫ್ಯೂಸ್ ಮತ್ತು 1 ಚದರ ಮಿ.ಮೀ. ವೈರ್ ಸಾಕು. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರವಿರಲಿ. ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ. ಏರ್‌ಬ್ಯಾಗ್‌ನ ಹಳದಿ ವೈರ್‌ಗಳನ್ನೂ, ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳನ್ನೂ ಮುಟ್ಟಲೇಬಾರದು. ಸೈರನ್‌ಗೆ ಸ್ವಂತ ಬ್ಯಾಟರಿ ಇದ್ದರೆ ವೈರಿಂಗ್ ಬೇರೆಯಾಗಿರುತ್ತದೆ. ಅಂಥದ್ದನ್ನು ನುರಿತ ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡುವುದು ಒಳ್ಳೆಯದು.

ಯಾವ ಬಟನ್ ಸೂಕ್ತ?

ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕೆಲಸ ಮಾಡುವ ಬಟನ್, ಯಾರಾದರೂ ಕೈ ಎಳೆದ ಕೂಡಲೇ ಮೌನವಾಗುತ್ತದೆ. ಒಮ್ಮೆ ಒತ್ತಿದರೆ ಆನ್ ಆಗಿಯೇ ಉಳಿಯುವ ಬಟನ್ ತುರ್ತು ಸಮಯಕ್ಕೆ ಹೆಚ್ಚು ಉಪಯುಕ್ತ. ಸೀಟ್ ಬೆಲ್ಟ್ ಹಾಕಿದ್ದಾಗಲೂ ಕೈಗೆಟುಕುವ, ಮಕ್ಕಳಿಗೆ ಸುಲಭವಾಗಿ ಕಾಣದ ಜಾಗದಲ್ಲಿ ಅದನ್ನು ಕೂರಿಸಬೇಕು.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 119ನೇ ನಿಯಮವು ಬಹುಸ್ವರದ ಹಾರ್ನ್ ಹಾಗೂ ವಿಪರೀತ ಕರ್ಕಶ, ಗಾಬರಿ ಹುಟ್ಟಿಸುವ ಸದ್ದಿನ ಸಾಧನಗಳನ್ನು ವಾಹನಕ್ಕೆ ಅಳವಡಿಸುವುದನ್ನು ನಿಷೇಧಿಸುತ್ತದೆ. ಆಂಬುಲೆನ್ಸ್, ಅಗ್ನಿಶಾಮಕ ಮತ್ತು ಪೊಲೀಸ್ ವಾಹನಗಳಿಗೆ ವಿನಾಯಿತಿ ಇದೆ. ಹೀಗಾಗಿ ಅಲಾರಂ ಸೈರನ್‌ಗೆ ಬಟನ್ ಹಾಕಿಸುವ ಮುನ್ನ ಸ್ಥಳೀಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ. ದಾರಿ ಬಿಡಿಸಿಕೊಳ್ಳಲು ಇದನ್ನು ಹಾರ್ನ್‌ನಂತೆ ಬಳಸುವಂತಿಲ್ಲ. ಕಾರಿನ ವಾರಂಟಿ ಷರತ್ತುಗಳನ್ನೂ ಮೊದಲೇ ಓದಿಕೊಳ್ಳಿ.

ಟ್ಯಾಕ್ಸಿ, ಬಸ್‌ಗಳಲ್ಲಿರುವ ತುರ್ತು ಬಟನ್ ಬೇರೆಯೇ. ಅದು ವಾಹನ ಇರುವ ಜಾಗದ ಮಾಹಿತಿಯನ್ನು ನಿಯಂತ್ರಣ ಕೊಠಡಿಗೆ ಕಳುಹಿಸುತ್ತದೆ. ಸೈರನ್ ಎಚ್ಚರಿಸುವುದು ಸುತ್ತಮುತ್ತ ಇರುವವರನ್ನು ಮಾತ್ರ. ಪೊಲೀಸರ ನೆರವು ಬೇಕಿದ್ದರೆ 112ಕ್ಕೆ ಕರೆ ಮಾಡಲೇಬೇಕು.