ಧಾರವಾಡ ಸೀಮೆಯ ಬೈಗುಳಗಳಲ್ಲಿ ಹೆಣ್ಣು

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಲ್ಲಿ ಬದುವಿನ ತಕರಾರಿರಲಿ, ಬಸ್ಸಿನ ಸೀಟಿನ ಜಗಳವಿರಲಿ, ಇಬ್ಬರು ಗಂಡಸರು ಬೈದಾಡಿಕೊಂಡರೆ ಬಾಯಿಗೆ ಮೊದಲು ಬರುವುದು ಅಲ್ಲಿ ಇಲ್ಲದ ಹೆಣ್ಣುಮಗಳು. ‘ರಂಡೇಮಗ’, ‘ಸೂಳೇಮಗ’, ‘ಬೋಳೀಮಗ’ ಎಂದು ಬೈಸಿಕೊಳ್ಳುವವನು ಮಗ, ಮರ್ಯಾದೆ ಹೋಗುವುದು ತಾಯಿಯದು. ಇಂಥ ಬೈಗುಳ ಕನ್ನಡ ನಾಡಿನ ತುಂಬ ಇವೆ. ಆದರೆ ಇಲ್ಲಿನವುಗಳ ಬೆನ್ನುಹತ್ತಿ ಹೋದರೆ ಈ ಸೀಮೆಯ ಜಾತ್ರೆ, ಶಾಸನ, ಆಳಿದವರ ಭಾಷೆ ಎಲ್ಲವೂ ಎದುರಾಗುತ್ತವೆ.

ರಂಡೆ, ಮುಂಡೆ, ಬೋಳಿ

ಮೂರೂ ವಿಧವೆಗೆ ಅಂಟಿದ ಮಾತುಗಳು. ‘ರಂಡಾ’ ಸಂಸ್ಕೃತದಲ್ಲೇ ವಿಧವೆಯೂ ಹೌದು, ಬೈಗುಳವೂ ಹೌದು. ಮುಂಡೆ, ಬೋಳಿ ಎಂದರೆ ತಲೆ ಬೋಳಿಸಿದವಳು. ಗಂಡ ಸತ್ತವಳ ತಲೆ ಬೋಳಿಸುವ ಪದ್ಧತಿ ಮುಖ್ಯವಾಗಿ ಬ್ರಾಹ್ಮಣರ ಮನೆಗಳಲ್ಲಿತ್ತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯ ವಸ್ತುವೇ ಅಂಥ ಬಾಲವಿಧವೆಯ ಬಾಳು. ಇತ್ತ ಉತ್ತರ ಕರ್ನಾಟಕದ ಅನೇಕ ಒಕ್ಕಲು ಸಮುದಾಯಗಳಲ್ಲಿ ವಿಧವೆಗೆ ‘ಉಡಿಕಿ’ ಎಂಬ ಮರುಮದುವೆಯ ದಾರಿ ಇತ್ತು. ಆ ಮನೆಗಳಲ್ಲಿ ತಲೆ ಬೋಳಿಸುವ ರೂಢಿ ಇರಲಿಲ್ಲ, ಆದರೂ ‘ಬೋಳಿ’ ಎಂಬ ಬೈಗುಳ ಅಲ್ಲಿಗೂ ಬಂತು. ಹೆಂಡತಿ ಸತ್ತ ಗಂಡಸಿನ ಸ್ಥಿತಿಯನ್ನು ಹಿಡಿದು ಯಾರೂ ಬೈಯುವುದಿಲ್ಲ. ಗಂಡ ಸತ್ತವಳು ಮಾತ್ರ ‘ಗಂಡನ್ನ ನುಂಗಿದಾಕಿ’. ಸಾವು ಅವಳ ತಪ್ಪೆಂಬಂತೆ ಆ ಮಾತು ಆಡುತ್ತಾರೆ. ಉಡಿ ತುಂಬುವ ಕಾರ್ಯಕ್ಕೆ ಅವಳನ್ನು ಕರೆಯದೇ ಬಿಡುವುದೂ ಅದೇ ನಂಬಿಕೆಯಿಂದ.

ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ವೈಧವ್ಯಕ್ಕೊಂದು ಹಬ್ಬವೇ ಇದೆ. ಗಂಡ ಜಮದಗ್ನಿಯ ಸಾವಿನಿಂದ ದೇವಿ ವಿಧವೆಯಾದಳೆಂದು ನಂಬುವ ಹೊಸ್ತಿಲ ಹುಣ್ಣಿಮೆಗೆ ಜನರ ಬಾಯಲ್ಲಿ ‘ರಂಡಿ ಹುಣ್ಣಿವಿ’ ಎಂದೇ ಹೆಸರು. ಅಂದು ಎಲ್ಲಮ್ಮನಿಗೆ ಬಿಟ್ಟ ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಭಾರತ ಹುಣ್ಣಿಮೆ ‘ಮುತ್ತೈದಿ ಹುಣ್ಣಿವಿ’, ಅಂದು ಹೊಸ ಬಳೆ ಬರುತ್ತವೆ. ದೇವಿಗೆ ಎರಡು ತಿಂಗಳಲ್ಲಿ ಮರಳುವ ಮುತ್ತೈದೆತನ ಅವಳಿಗೆ ನಡೆದುಕೊಳ್ಳುವ ಊರಿನ ವಿಧವೆಗೆ ಮರಳುವುದಿಲ್ಲ.

ಸೂಳೆ: ಶಾಸನದಿಂದ ಬೀದಿಗೆ

ಈ ಮಾತು ಮೊದಲಿನಿಂದಲೂ ಬೈಗುಳವಾಗಿರಲಿಲ್ಲ. ಬಾದಾಮಿಯ ಬಳಿಯ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ (696–733) ಕನ್ನಡ ಶಾಸನವೊಂದಿದೆ. ಅದರಲ್ಲಿ ವಿನಾಪೋಟಿ ಎಂಬಾಕೆಯನ್ನು ಅರಸನ ಪ್ರಾಣವಲ್ಲಭೆ ಎಂದೂ ಸೂಳೆ ಎಂದೂ ಒಟ್ಟಿಗೇ, ಗೌರವದ ಬಹುವಚನದಲ್ಲಿ ಕರೆಯಲಾಗಿದೆ. ಆಕೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಹೊಲವನ್ನು ಕೊಟ್ಟಳು. ಕೊಟ್ಟವಳ ವೃತ್ತಿಯನ್ನು ಕಲ್ಲಿನ ಮೇಲೆ ಬರೆಯಲು ಅಂದು ಯಾರಿಗೂ ಸಂಕೋಚವಾಗಲಿಲ್ಲ. ಹನ್ನೆರಡನೆಯ ಶತಮಾನದ ಶರಣೆ ಸೂಳೆ ಸಂಕವ್ವ ‘ನಿರ್ಲಜ್ಜೇಶ್ವರ’ ಎಂಬ ಅಂಕಿತವಿಟ್ಟು ಬರೆದಳು. ಸಿಕ್ಕಿರುವುದು ಒಂದೇ ವಚನ, ಅದೂ ತನ್ನ ಕಸುಬಿನ ಮಾತಿನಲ್ಲೇ. ಚನ್ನಗಿರಿ ತಾಲೂಕಿನ ದೊಡ್ಡ ಕೆರೆಯ ಹೆಸರೇ ಸೂಳೆಕೆರೆ. ನಂತರ ಅದಕ್ಕೆ ಶಾಂತಿಸಾಗರ ಎಂಬ ಹೆಸರೂ ಬಂತು.

ಗುಡಿಯ ಆಸ್ತಿ, ಅರಸನ ಆಶ್ರಯ ಹೋದ ಮೇಲೆ ಇಂಥ ಹೆಣ್ಣುಮಕ್ಕಳಿಗೂ ಗುಡಿಗೆ ಬಿಟ್ಟ ದೇವದಾಸಿಯರಿಗೂ ಉಳಿದದ್ದು ಬಡತನ ಮತ್ತು ‘ಸೂಳೆ’ ಎಂಬ ಹೆಸರು. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ಸೇರಿ ಗುರುತಿಸಿದ ದೇವದಾಸಿಯರು 46,660. ಹೆಚ್ಚಿನವರು ದಲಿತರು. ‘ಸೂಳೇಮಗ’ ಎಂಬುದು ಉಳಿದವರಿಗೆ ಬರಿಯ ಸಿಟ್ಟಿನ ಮಾತಾದರೆ, ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಡಬೇಕಾದ ಅವರ ಮಗುವಿಗೆ ಅದು ನೇರವಾಗಿ ತಾಗುವ ಏಟು. ಈ ಮಾತನ್ನು ಸಲೀಸಾಗಿ ಆಡುವವರು ಒಮ್ಮೆ ಆ ಮಗುವಿನ ಮುಖ ನೆನೆಯಬೇಕು.

ಗಂಡಸಿಗೆ ಬೈಯುವಾಗ

ಈ ಸೀಮೆ ಕಂಡದ್ದು ಮರಾಠಾ ಪೇಶ್ವೆಯರ ಆಳ್ವಿಕೆ, ಆಮೇಲೆ 1956ರವರೆಗೆ ಮುಂಬಯಿ ಆಡಳಿತ. ಹೀಗಾಗಿ ಇಲ್ಲಿನ ಬೈಗುಳಗಳಲ್ಲಿ ಮರಾಠಿ ಧಾರಾಳ. ‘ಭಾಡಖಾವ್’ ಎಂದರೆ ಬಾಡಿಗೆ ತಿನ್ನುವವ, ಹೆಂಡತಿಯ ಮೈ ಮಾರಿದ ದುಡ್ಡಲ್ಲಿ ಬದುಕುವವ. ಗಂಡಸಿನದೇ ದುಷ್ಟತನವನ್ನು ಹೆಸರಿಸುವ ಅಪರೂಪದ ಬೈಗುಳ ಇದು. ಆದರೂ ಅದಕ್ಕೆ ಹೆಣ್ಣೊಬ್ಬಳ ಮೈ ಬೇಕೇ ಬೇಕಾಯಿತು.

ಇನ್ನೊಂದು ಬಗೆಯಲ್ಲಿ ಹೆಣ್ಣಾಗುವುದೇ ಅವಮಾನ. ‘ಕೈಗೆ ಬಳಿ ಹಾಕ್ಕೊ’ ಎಂಬ ಮಾತು ಹೋರಾಟಗಳಲ್ಲೂ ಕೇಳುತ್ತದೆ, ಅಧಿಕಾರಿಗಳಿಗೆ ಬಳೆ ಕೊಡಹೋಗುವುದೂ ಉಂಟು. ಆದರೆ 2015ರಿಂದ ನಡೆದ ಮಹದಾಯಿ ನದಿ ನೀರಿನ ಹೋರಾಟದಲ್ಲಿ ಬಳೆ ತೊಟ್ಟವರೇ ಬೀದಿಗಿಳಿದಿದ್ದರು. 2016ರ ಜುಲೈನಲ್ಲಿ ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರ ಲಾಠಿ ಅವರ ಮೇಲೂ ಬಿತ್ತು. ಬಳೆಯನ್ನು ಹೇಡಿತನದ ಗುರುತು ಮಾಡುವ ಘೋಷಣೆ ಅದೇ ನೆಲದಲ್ಲಿ ಕೂಗಿದರೆ ತೀರಾ ಅನ್ಯಾಯ.

‘ಬಂಜಿ’

ಬಣ್ಣದ ತೊಟ್ಟಿಲಿಗೆ ಹೆಸರಾದ ತಾಲೂಕು ಕಲಘಟಗಿ. ತೊಟ್ಟಿಲು ತೂಗದವಳು ಇಲ್ಲಿಯೂ ‘ಬಂಜಿ’, ‘ಗೊಡ್ಡಿ’. ಗೊಡ್ಡು ಹಾಲು ಬತ್ತಿದ ದನಕ್ಕೆ ಆಡುವ ಮಾತು. ಕೊರತೆ ಗಂಡನಲ್ಲಿದ್ದರೂ ಮಾತು ಬೀಳುವುದು ಅವಳ ಮೇಲೆ.

ಕಾನೂನು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 79ನೆಯ ಕಲಂ ಪ್ರಕಾರ ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತಿಗೆ ಮೂರು ವರ್ಷದವರೆಗೆ ಸಾದಾ ಸಜೆ ಮತ್ತು ದಂಡವಿದೆ. ಹಿಂದೆ ಇದು ಭಾರತೀಯ ದಂಡ ಸಂಹಿತೆಯ 509ನೆಯ ಕಲಂ ಆಗಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೊರತಂದ ಕೈಪಿಡಿ, ತೀರ್ಪು ಮತ್ತು ವಾದಗಳಲ್ಲಿ ಹೆಣ್ಣನ್ನು ಹೀಗಳೆಯುವ ಮಾತುಗಳನ್ನು ಬಿಡುವಂತೆ ಹೇಳಿತು. ಆದರೆ ಇಬ್ಬರು ಗಂಡಸರು ಪರಸ್ಪರರ ತಾಯಂದಿರನ್ನು ಎಳೆದು ಬೈದಾಡಿದರೆ ಸಾಮಾನ್ಯವಾಗಿ ದಾಖಲಾಗುವುದು ಶಾಂತಿಭಂಗಕ್ಕೆ ಕೆರಳಿಸುವ ಅವಮಾನದ ಪ್ರಕರಣ, ಅಂದರೆ ನ್ಯಾಯ ಸಂಹಿತೆಯ 352ನೆಯ ಕಲಂ. ಠಾಣೆಯ ಕಾಗದದಲ್ಲಿ ಅದು ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂಬ ಒಂದೇ ಸಾಲು. ಬೈದವ ಆರೋಪಿ, ಬೈಸಿಕೊಂಡವ ದೂರುದಾರ. ಯಾರ ಮೇಲೆ ಆ ಮಾತು ಆಡಿದರೋ ಆ ತಾಯಿ ಪ್ರಕರಣದಲ್ಲಿ ಏನೂ ಅಲ್ಲ.